ಹಕ್ಕಿ ಸಿಡಿಯ ಕತೆ: ಒಂದು ಮಲ್ಟಿಮೀಡಿಯಾ ಪ್ರಕರಣ

1994ರ ಕೊನೆಯಲ್ಲಿ ಶುರುವಾಗಿ, ನಿಜವಾಗಿ ಮುಗಿಯಲು 2021 ಬರಬೇಕಾದ ಒಂದು ಕೆಲಸದ ಕತೆ ಇದು. ಹೆಸರು, ಊರು, ಸಂಸ್ಥೆ ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ, ತಾಂತ್ರಿಕ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಹಳೆಯ ಡಿಜಿಟಲ್ ಕೆಲಸ ಉಳಿಸಲು ಒದ್ದಾಡುವವರಿಗೂ, ಈಗ ಹೊಸದನ್ನು ಕಟ್ಟುತ್ತಿರುವವರಿಗೂ ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಶಾಲೆಗಳಿಗೆ ಕಲಿಕೆಯ ಸಾಮಗ್ರಿ ಮಾಡಿಸುವ ಒಂದು ಸಂಸ್ಥೆಗೆ ಹಕ್ಕಿಗಳ ಬಗ್ಗೆ ಒಂದು ಸಿಡಿ ಬೇಕಿತ್ತು. ಹಕ್ಕಿಯ ಚಿತ್ರ ಒತ್ತಿದರೆ ಅದು ಕೂಗಬೇಕು, ಹಾರಬೇಕು, ಪಕ್ಕದಲ್ಲಿ ಓದಲು ಒಂದು ಪುಟ ಇರಬೇಕು. ನಾವು ಐದು ಜನ. ಒಬ್ಬ ಪ್ರೋಗ್ರಾಮರ್, ಚಿತ್ರ ನೋಡಿಕೊಳ್ಳುವವರು, ಧ್ವನಿಯವರು, ಬರೆಯುವವರು, ಮತ್ತೆ ನಾನು. ನಾನು ಹೆಸರಿಗೆ ಸಂಯೋಜಕ, ಕೆಲಸದಲ್ಲಿ ಎಲ್ಲರಿಂದ ಬೈಸಿಕೊಳ್ಳುವವನು.

ಚಿತ್ರ, ಸದ್ದು, ವಿಡಿಯೋ, ಬರಹ ಎಲ್ಲ ಒಟ್ಟಿಗೆ ಬರುವ ಇಂಥದ್ದಕ್ಕೆ ಮಲ್ಟಿಮೀಡಿಯಾ ಅನ್ನುವ ಪದ ಆಗ ಎಲ್ಲರ ಬಾಯಲ್ಲೂ ಇತ್ತು. ಆದರೆ ಆ ಯೋಚನೆ ಹೊಸದೇನಲ್ಲ. 1945ರಲ್ಲೇ ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್ ಮೆಮೆಕ್ಸ್ ಅನ್ನುವ ಒಂದು ಮೇಜನ್ನು ಕಲ್ಪಿಸಿಕೊಂಡಿದ್ದರು. ಮೈಕ್ರೋಫಿಲ್ಮಿನಲ್ಲಿರುವ ಬರಹಗಳನ್ನು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಓದುವ ಮೇಜು ಅದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಪ್ಯೂಟರ್ ಸಂಶೋಧಕ ಡಗ್ಲಾಸ್ ಎಂಗೆಲ್‌ಬಾರ್ಟ್ ಮೌಸ್, ಕೊಂಡಿ ಇರುವ ಬರಹ, ದೂರದಲ್ಲಿರುವ ಸಹೋದ್ಯೋಗಿಯ ಮುಖ, ಎಲ್ಲವನ್ನೂ ಒಂದೇ ಪರದೆಯ ಮೇಲೆ ತೋರಿಸಿದ್ದರು. 1978ರ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಅಲ್ಲಿನ ಆಸ್ಪೆನ್ ಊರಿನ ಬೀದಿಗಳನ್ನು ಲೇಸರ್ ಡಿಸ್ಕಿನಲ್ಲಿ, ಅಂದರೆ ವಿಡಿಯೋ ಇಡುವ ದೊಡ್ಡ ತಟ್ಟೆಯಲ್ಲಿ, ತುಂಬಿ, ಪರದೆ ಮುಟ್ಟಿಕೊಂಡೇ ಊರು ಸುತ್ತುವ ಹಾಗೆ ಮಾಡಿದ್ದರು. ಅಂದರೆ ಏನು ಮಾಡಬೇಕು ಅನ್ನುವುದು ಗೊತ್ತಿತ್ತು, ಮನೆಯ ಕಂಪ್ಯೂಟರಿನಲ್ಲಿ ಅದನ್ನು ಇಡಲು ಜಾಗ ಇರಲಿಲ್ಲ ಅಷ್ಟೆ.

ಆ ಜಾಗ ಕೊಟ್ಟದ್ದು ಸಿಡಿ-ರಾಮ್, ಅಂದರೆ ಕಂಪ್ಯೂಟರ್ ಓದುವ ಸಿಡಿ. 1991ರಲ್ಲಿ ಕಂಪನಿಗಳೆಲ್ಲ ಸೇರಿ 'ಮಲ್ಟಿಮೀಡಿಯಾ ಪಿಸಿ' ಅಂದರೆ ಕನಿಷ್ಠ ಇಷ್ಟಿರಬೇಕು ಅಂತ ಒಂದು ಮಟ್ಟ ಗೊತ್ತು ಮಾಡಿದಾಗ ಅದರಲ್ಲಿ ಕೇಳಿದ್ದ ಹಾರ್ಡ್ ಡಿಸ್ಕ್ 30 ಎಂಬಿ. ಒಂದು ಸಿಡಿಯಲ್ಲಿ 650 ಎಂಬಿ! ನಮಗಂತೂ ಸಮುದ್ರ ಸಿಕ್ಕಿದ ಹಾಗಾಯಿತು. ಜೋಡಿಸುವ ಸಾಫ್ಟ್‌ವೇರ್ ಕೂಡ ಬಂದಿತ್ತು. 1987ರಲ್ಲಿ ಆ್ಯಪಲ್‌ನ ಬಿಲ್ ಅಟ್ಕಿನ್ಸನ್ ಮಾಡಿದ ಹೈಪರ್‌ಕಾರ್ಡ್ ಜನರಿಗೆ ಕಾರ್ಡು, ಬಟನ್ನು ಅನ್ನುವ ರೂಢಿ ಹಿಡಿಸಿತ್ತು. ನಾವು ಆರಿಸಿಕೊಂಡದ್ದು ಮ್ಯಾಕ್ರೋಮೀಡಿಯಾದ ಡೈರೆಕ್ಟರ್ 4. ಒಂದೇ ಕೆಲಸವನ್ನು ಮ್ಯಾಕ್‌ಗೂ ವಿಂಡೋಸ್‌ಗೂ ಕೊಡಬಹುದು ಅನ್ನುವುದೇ ಕಾರಣ.

ತೊಟ್ಟಿ ದೊಡ್ಡದು, ನಲ್ಲಿ ಸಣ್ಣದು

ಮೊದಲ ವಾರವೇ ಪ್ರೋಗ್ರಾಮರ್ ಒಂದು ಲೆಕ್ಕ ಹಾಕಿ ಗೋಡೆಗೆ ಅಂಟಿಸಿದ. 640 ಗುಣಿಸು 480, ಪ್ರತಿ ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 25 ಫ್ರೇಮು. ಒಟ್ಟು ಸೆಕೆಂಡಿಗೆ ಸುಮಾರು 23 ಎಂಬಿ. ಪರದೆ ತುಂಬುವ ವಿಡಿಯೋವನ್ನು ಹಾಗೇ ಹಾಕಿದರೆ ನಮ್ಮ ಸಮುದ್ರ 28 ಸೆಕೆಂಡಿಗೆ ಖಾಲಿ. ಅದೂ ಹೋಗಲಿ, ಸಿಡಿ ಡ್ರೈವು ಓದುವುದೇ ಸೆಕೆಂಡಿಗೆ 150 ಕೆಬಿ, ಡಬಲ್ ಸ್ಪೀಡ್ ಆದರೆ 300. ಸಂಸ್ಥೆಯವರು ಇನ್ನೊಂದು ಮಾತು ಸೇರಿಸಿದರು: ಬಹಳ ಶಾಲೆಗಳಲ್ಲಿರುವುದು ಹಳೇ ಮೆಷಿನ್ನು, ಅದರಲ್ಲೂ ನಡೆಯಬೇಕು. ಅಂದರೆ 2 ಎಂಬಿ ಮೆಮೊರಿ, 256 ಬಣ್ಣ, ಸಿಂಗಲ್ ಸ್ಪೀಡ್ ಡ್ರೈವು.

ಆಗ ನಾವು ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ, ಅಂಥದ್ದೇ ಒಂದು ಹಳೇ 386 ಚಿಪ್ಪಿನ ಮೆಷಿನ್ ತಂದು ಕೋಣೆಯ ನಡುವೆ ಇಟ್ಟದ್ದು. ಅದಕ್ಕೆ 'ಅಜ್ಜ' ಅಂತ ಹೆಸರಿಟ್ಟೆವು. ಅಜ್ಜನ ಮುಂದೆ ನಡೆಯದಿದ್ದರೆ ಅದು ಮುಗಿದ ಕೆಲಸವಲ್ಲ, ಇದೇ ನಿಯಮ. ನಮ್ಮ ಸ್ವಂತ ಮೆಷಿನ್ನುಗಳಲ್ಲಿ ಎಲ್ಲ ಚೆನ್ನಾಗಿ ಓಡುತ್ತಿತ್ತು, ಯಾಕೆಂದರೆ ನಾವು ಹಾರ್ಡ್ ಡಿಸ್ಕಿನಿಂದ ಓಡಿಸುತ್ತಿದ್ದೆವು! ಅಜ್ಜನಿಗೆ ಮೊದಲ ಸಿಡಿ ಹಾಕಿದ ದಿನ ಮರಕುಟಿಗ ಒಂದು ಸಲ ಕುಟ್ಟಿ, ಯೋಚನೆ ಮಾಡಿ, ಮತ್ತೆ ಕುಟ್ಟಿತು. ಸದ್ದು ಚೂರು ಚೂರಾಗಿ ಬಂತು.

ನಾವು ಅಲ್ಲಿಯವರೆಗೆ ಸ್ಪೀಡು ಮಾತ್ರ ಲೆಕ್ಕ ಹಾಕಿದ್ದೆವು. ತಲೆ ಕೆಡಿಸಿದ್ದು ಬೇರೆಯೇ. ಚಿತ್ರ ಸಿಡಿಯ ಒಂದು ಕಡೆ ಇದೆ, ಕೂಗು ಇನ್ನೊಂದು ಕಡೆ ಇದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಡ್ರೈವಿನ ಲೇಸರ್ ತಲೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾರಬೇಕು. ಆ ಹಳೇ ಡ್ರೈವುಗಳಲ್ಲಿ ಒಂದು ಹಾರಾಟಕ್ಕೆ ಹತ್ತಿರ ಹತ್ತಿರ ಒಂದು ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ, ಅಲ್ವಾ?

ಏನೇನು ಮಾಡಿ ನೋಡಿದೆವು

ಮೊದಲು ಫೈಲುಗಳ ಜಾಗ ಬದಲಿಸಿದೆವು. ಒಂದು ಹಕ್ಕಿಗೆ ಬೇಕಾದದ್ದೆಲ್ಲ ಸಿಡಿಯ ಮೇಲೆ ಅಕ್ಕಪಕ್ಕ ಬರುವ ಹಾಗೆ ಬರೆಸಿದೆವು. ವಿಡಿಯೋ ಇದ್ದ ಕಡೆ ಸದ್ದನ್ನು ಅದರೊಳಗೇ ಹೆಣೆದೆವು, ಸ್ವಲ್ಪ ಚಿತ್ರ, ಸ್ವಲ್ಪ ಸದ್ದು, ಮತ್ತೆ ಸ್ವಲ್ಪ ಚಿತ್ರ. ಈಗಲೂ ಕಾಣುವ ಎವಿಐ ಅನ್ನುವ ಹೆಸರಿನಲ್ಲಿರುವ ಐ ಅಂದರೆ ಇಂಟರ್‌ಲೀವ್, ಇದೇ ಹೆಣಿಗೆ. ವಿಡಿಯೋ ಇಲ್ಲದ ಕಡೆ ಕೂಗನ್ನು ಮೊದಲೇ ಮೆಮೊರಿಗೆ ತಂದಿಟ್ಟುಕೊಂಡು, ಆಮೇಲೆ ಚಿತ್ರ ತೋರಿಸಿದೆವು.

ಆಮೇಲೆ ಬಂತು ಜಗಳ. ಎಲ್ಲ ಹಕ್ಕಿಗೂ ವಿಡಿಯೋ ಅಂತ ಮಾತು ಕೊಟ್ಟಾಗಿತ್ತು. ಸಿಂಗಲ್ ಸ್ಪೀಡಿಗೆ ಇಳಿಸಿದರೆ ವಿಡಿಯೋ ಕುಗ್ಗಿಸುವ ಸಿನೆಪ್ಯಾಕ್ ಹಾಕಿ ಹಿಂಡಿದರೂ ಸಿಗುವುದು ಅಂಚೆಚೀಟಿ ಗಾತ್ರದ ಕಿಟಕಿ, 160 ಗುಣಿಸು 120. ಅದರಲ್ಲಿ ಕೊಕ್ಕರೆ ನಿಂತಿದ್ದರೆ ಅದು ಕೊಕ್ಕರೆಯೋ ಕಂಬವೋ ಗೊತ್ತಾಗುವುದಿಲ್ಲ. ಬರೆಯುವವರು ಒಂದು ದಿನ ಸುಮ್ನೆ ಕೇಳಿದರು: 'ಇದರಲ್ಲಿ ಅಲುಗಾಡುವುದನ್ನು ನೋಡಲೇಬೇಕಾದ ಹಕ್ಕಿ ಯಾವುದು?' ಅದೇ ತಿರುವು. ಮರಕುಟಿಗ ಕುಟ್ಟುವುದು, ಮಿಂಚುಳ್ಳಿ ನೀರಿಗೆ ಧುಮುಕುವುದು, ಹೀಗೆ ಚಲನೆಯೇ ವಿಷಯವಾದ ಕೆಲವಕ್ಕೆ ಮಾತ್ರ ವಿಡಿಯೋ ಉಳಿಯಿತು. ಉಳಿದವಕ್ಕೆಲ್ಲ ಪರದೆ ತುಂಬುವ ಒಳ್ಳೆಯ ಚಿತ್ರ ಮತ್ತು ಕೂಗು. ಸಂಸ್ಥೆಯವರು ಮುಖ ಸಿಂಡರಿಸಿದರು, ಮಾತಿಗೆ ತಪ್ಪಿದ್ದು ನಾವು ತಾನೇ. ಆದರೆ ಅಜ್ಜನ ಮುಂದೆ ಕೂರಿಸಿ ಎರಡನ್ನೂ ತೋರಿಸಿದ ಮೇಲೆ ಒಪ್ಪಿದರು.

ಬಣ್ಣದ ಕತೆ ಇನ್ನೂ ಮಜಾ ಇದೆ. ಪರದೆಗೆ ಒಂದು ಸಲಕ್ಕೆ 256 ಬಣ್ಣ, ಅದರಲ್ಲಿ 20ನ್ನು ವಿಂಡೋಸ್ ತನಗೇ ಇಟ್ಟುಕೊಳ್ಳುತ್ತದೆ. ನಮಗೆ ಉಳಿದದ್ದು 236. ಪ್ರತಿ ಚಿತ್ರಕ್ಕೂ ಅದರದೇ 236 ಬಣ್ಣ ಆರಿಸಿದರೆ ಚಿತ್ರ ಸೊಗಸಾಗಿರುತ್ತದೆ, ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಳೇ ಚಿತ್ರಕ್ಕೆ ಹೊಸ ಬಣ್ಣಪಟ್ಟಿ ಮೆತ್ತಿಕೊಂಡು ಒಂದು ಕ್ಷಣ ಪರದೆ ಹುಚ್ಚು ಹಿಡಿದ ಹಾಗೆ ಹಸಿರು, ಗುಲಾಬಿ ಕಾರುತ್ತದೆ. ಎಲ್ಲ ಚಿತ್ರಕ್ಕೂ ಒಂದೇ ಪಟ್ಟಿ ಮಾಡಿದರೆ ಮಿಂಚುಳ್ಳಿಯ ನೀಲಿ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಚಿತ್ರದವರು ಒಂದು ವಾರ ಡಿಬ್ಯಾಬಲೈಜರ್ ಅನ್ನುವ, ಬಣ್ಣಪಟ್ಟಿ ಹೊಂದಿಸುವ ಸಾಫ್ಟ್‌ವೇರ್ ಹಿಡಿದು ಕೂತರು. ಕೊನೆಗೆ ಹಕ್ಕಿಗಳನ್ನು ನೀರಿನವು, ಕಾಡಿನವು, ಬಯಲಿನವು ಅಂತ ಗುಂಪು ಮಾಡಿ, ಗುಂಪಿಗೊಂದು ಪಟ್ಟಿ ಕೊಟ್ಟರು. ಗುಂಪು ದಾಟುವಾಗ ಪರದೆಯನ್ನು ಪೂರ್ತಿ ಕಪ್ಪು ಮಾಡು, ಕಪ್ಪಿನಲ್ಲಿ ಪಟ್ಟಿ ಬದಲಿಸು, ಮತ್ತೆ ಬೆಳಕು ತಾ. ಕಪ್ಪು ಎಲ್ಲ ಪಟ್ಟಿಯಲ್ಲೂ ಇದ್ದೇ ಇರುತ್ತದೆ, ಹಾಗಾಗಿ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ನೋಡಿದವರು 'ಎಷ್ಟು ಚೆನ್ನಾಗಿ ಕತ್ತಲಾಗಿ ಬೆಳಗಾಗುತ್ತದೆ, ಕಾಡಿಗೆ ಹೋದ ಹಾಗಿದೆ' ಅಂದರು. ನಾವು ಹೌದು ಹೌದು ಅಂತ ತಲೆಯಾಡಿಸಿದೆವು.

ಅಕ್ಷರದ ವಿಷಯದಲ್ಲಿ ಮಾತ್ರ ಯೋಚನೆ ಮಾಡದೇ ಒಂದು ತೀರ್ಮಾನ ತೆಗೆದುಕೊಂಡೆವು. ಒಂದೊಂದು ಮೆಷಿನ್ನಿನಲ್ಲಿ ಒಂದೊಂದು ಫಾಂಟು, ಸಾಲು ಎಲ್ಲೆಲ್ಲೋ ಮುರಿಯುತ್ತಿತ್ತು. ಅದಕ್ಕೆ ಬರಹವನ್ನೆಲ್ಲ ಚಿತ್ರ ಮಾಡಿ ಅಂಟಿಸಿಬಿಟ್ಟೆವು. ಆ ದಿನಕ್ಕೆ ಸಮಸ್ಯೆ ಮುಗಿಯಿತು.

ನನ್ನ ತಪ್ಪು

ಧ್ವನಿಯವರು ಕೂಗುಗಳನ್ನು ಹೊಲ, ಕಾಡು ಸುತ್ತಿ ಡ್ಯಾಟ್ ಅನ್ನುವ ಡಿಜಿಟಲ್ ಟೇಪಿಗೆ ಹಿಡಿದಿದ್ದರು. 48 ಕಿಲೋಹರ್ಟ್ಸ್, ಅಂದರೆ ಸದ್ದನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆದದ್ದು, ಪ್ರತಿ ಅಳತೆಗೆ 16 ಬಿಟ್. ಅದನ್ನು ಅಜ್ಜನ ಮೆಮೊರಿಗೆ ಹಿಡಿಸಲು 8 ಬಿಟ್‌ಗೆ, ಮೊನೋಗೆ (ಒಂದೇ ಚಾನೆಲ್‌ಗೆ) ಇಳಿಸಬೇಕಿತ್ತು. 22.05 ಕಿಲೋಹರ್ಟ್ಸ್ ಇಟ್ಟರೆ ಸೆಕೆಂಡಿಗೆ 22 ಕೆಬಿ, 11.025 ಇಟ್ಟರೆ ಅರ್ಧ. ಆದರೆ ಒಂದು ಲೆಕ್ಕ ಮರೆಯುವ ಹಾಗಿಲ್ಲ. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೀರೋ ಅದರ ಅರ್ಧದಷ್ಟು ಎತ್ತರದ ಸ್ವರ ಮಾತ್ರ ಉಳಿಯುತ್ತದೆ. 11.025ಕ್ಕೆ ಇಳಿಸಿದರೆ 5.5 ಕಿಲೋಹರ್ಟ್ಸ್‌ಗಿಂತ ಮೇಲಿನದು ಹೋಯಿತು. ನಮ್ಮಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಒಂದು ಹಕ್ಕಿ ಇತ್ತು, ಅದರ ಕೂಗು 7 ಕಿಲೋಹರ್ಟ್ಸ್ ಆಸುಪಾಸು. ಎತ್ತರದ ಸ್ವರ ಸೋಸುವ ಫಿಲ್ಟರ್ ಹಾಕಿ ಇಳಿಸಿದರೆ ಮೌನ. ಫಿಲ್ಟರ್ ಇಲ್ಲದೆ ಇಳಿಸಿದರೆ ಅದು ಮಡಚಿಕೊಂಡು 4 ಕಿಲೋಹರ್ಟ್ಸ್ ಹತ್ತಿರ ಬೇರೆ ಯಾವುದೋ ಹಕ್ಕಿಯ ಹಾಗೆ ಕೇಳಿಸುತ್ತದೆ. ಧ್ವನಿಯವರು ಇದನ್ನು ನನಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದರು. ಎತ್ತರದ ಕೂಗಿನವಕ್ಕೆ 22, ಉಳಿದವಕ್ಕೆ 11 ಅಂತ ಒಪ್ಪಂದ ಆಗಿತ್ತು.

ಕೊನೆಯ ವಾರ. ಮೆಮೊರಿ ಸಾಲದೆ ಅಜ್ಜ ಎರಡು ಸಲ ಕೈಕೊಟ್ಟ. ರಾತ್ರಿ ನಾನೊಬ್ಬನೇ ಇದ್ದೆ. ಇಡೀ ಫೋಲ್ಡರನ್ನು ಬ್ಯಾಚ್‌ನಲ್ಲಿ ಹಾಕಿ 11ಕ್ಕೆ ಇಳಿಸಿದೆ. ಬೆಳಗ್ಗೆ ಎಲ್ಲ ಸಲೀಸಾಗಿ ಓಡಿತು, ಎಲ್ಲರಿಗೂ ಖುಷಿ. ಮಾಸ್ಟರ್ ಹೋಯಿತು, ಸಿಡಿ ಅಚ್ಚಾಗಿ ಬಂತು. ಧ್ವನಿಯವರು ಮೊದಲ ಡಬ್ಬ ಒಡೆದು, ಒಂದು ಸಿಡಿ ಹಾಕಿ, ಆ ಪುಟ್ಟ ಹಕ್ಕಿಯನ್ನು ಒತ್ತಿದರು. ಕೊಕ್ಕು ತೆರೆದ ಚಿತ್ರ, ಹಿನ್ನೆಲೆಯಲ್ಲಿ ಗಾಳಿಯ ಸುಂಯ್ ಸದ್ದು, ಹಕ್ಕಿ ಮಾತ್ರ ಇಲ್ಲ. ಅವರು ಏನೂ ಬೈಯಲಿಲ್ಲ, ಅದೇ ಕಷ್ಟವಾಯಿತು.

ಸಿಡಿ ಚೆನ್ನಾಗೇ ಹೋಯಿತು ಅನ್ನಿ. ಆ ಒಂದು ಮೌನದ ಬಗ್ಗೆ ದೂರು ಬರಲಿಲ್ಲ.

ಎರಡನೇ ಸಲವೂ ಅದೇ

ಕೆಲವೇ ವರ್ಷಕ್ಕೆ ಎಲ್ಲರೂ ವೆಬ್ ಕಡೆ ತಿರುಗಿದರು. ಸಿಡಿಯಲ್ಲಿ ಸೆಕೆಂಡಿಗೆ 150 ಕೆಬಿ ಸಾಲದು ಅಂತ ಅಳುತ್ತಿದ್ದ ನಮಗೆ ಸೆಕೆಂಡಿಗೆ 28.8 ಕಿಲೋಬಿಟ್‌ನ ಫೋನ್ ಮೋಡೆಮ್ ಕೊಡುತ್ತಿದ್ದುದು ಹೆಚ್ಚೆಂದರೆ 3.6 ಕೆಬಿ. 10 ಸೆಕೆಂಡಿನ ಕೂಗು ಇಳಿಯಲು ಅರ್ಧ ನಿಮಿಷ. ಹಾಗಾಗಿ 2000ದ ಸುಮಾರಿಗೆ, ವೆಬ್ ಪುಟದಲ್ಲಿ ಚಲಿಸುವ ಚಿತ್ರ, ಸದ್ದು ಓಡಿಸುವ ಫ್ಲಾಶ್‌ನಲ್ಲಿ ಚಿಕ್ಕದಾಗಿ ಮತ್ತೆ ಕಟ್ಟಿದೆವು. ಆಗ ಟೇಪುಗಳನ್ನು ಹುಡುಕಿ ತೆಗೆಯಬಹುದಿತ್ತು. ಯಾರು ಅಷ್ಟು ಮಾಡ್ತಾರೆ ಅಂತ ಸಿಡಿಯಲ್ಲಿದ್ದ 11 ಕಿಲೋಹರ್ಟ್ಸ್ ಸದ್ದನ್ನೇ ಎತ್ತಿ ಎಂಪಿ3 ಮಾಡಿದೆವು. ಸೋಸಿದ್ದನ್ನು ಮತ್ತೆ ಸೋಸಿದ ಹಾಗೆ.

2007ರಲ್ಲಿ ಐಫೋನ್ ಫ್ಲಾಶ್ ಇಲ್ಲದೇ ಬಂತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲಾಶ್ ಪ್ಲೇಯರಿಗೆ ಬೆಂಬಲ ನಿಲ್ಲಿಸಿತು, ಮುಂದಿನ ತಿಂಗಳ 12ರಿಂದ ಪ್ಲೇಯರೇ ಓಡಿಸಲು ಒಪ್ಪಲಿಲ್ಲ. ಅದಾದ ಕೆಲವು ವಾರಕ್ಕೆ ಸಂಸ್ಥೆಯಿಂದ ಹೊಸಬರೊಬ್ಬರು ಫೋನ್ ಮಾಡಿದರು. 'ಸರ್, ಹಕ್ಕಿಗಳದ್ದು ಏನೂ ಓಪನ್ ಆಗ್ತಿಲ್ಲ. ಮೂಲ ನಿಮ್ಮ ಹತ್ತಿರ ಇದೆಯಾ?'

ಇದು ನಮ್ಮೊಬ್ಬರ ಗೋಳಲ್ಲ. ಇಂಗ್ಲೆಂಡಿನ ಜಮೀನು, ಆಸ್ತಿಯ ಲೆಕ್ಕ ಬರೆದಿಟ್ಟ 1086ರ ಡೂಮ್ಸ್‌ಡೇ ದಾಖಲೆಗೆ 900 ವರ್ಷ ತುಂಬಿದಾಗ, 1986ರಲ್ಲಿ ಬಿಬಿಸಿ ಇಡೀ ಬ್ರಿಟನ್ನಿನ ಜನಜೀವನವನ್ನು ಎರಡು ಲೇಸರ್ ಡಿಸ್ಕಿಗೆ ತುಂಬಿಸಿತ್ತು. 2002ರ ಹೊತ್ತಿಗೆ ಅದನ್ನು ಓದುವ ಮೆಷಿನ್ನು ಸಿಗುವುದೇ ಕಷ್ಟವಾಗಿ, ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದವರು ಹಳೇ ಮೆಷಿನ್ನಿನ ಹಾಗೆ ನಟಿಸುವ ಪ್ರೋಗ್ರಾಮು, ಅಂದರೆ ಎಮ್ಯುಲೇಟರ್ ಬರೆದು ಎಬ್ಬಿಸಬೇಕಾಯಿತು. ಚರ್ಮದ ಮೇಲೆ ಶಾಯಿಯಲ್ಲಿ ಬರೆದ 1086ರದ್ದು ಮಾತ್ರ ಹಾಗೇ ಓದಲು ಬರುತ್ತಿತ್ತು.

ಪೆಟ್ಟಿಗೆ ತೆರೆದಾಗ

ಅಚ್ಚಾದ ಸಿಡಿಯನ್ನು ಸಲೀಸಾಗಿ ಓದಲು ಬಂತು. ಫೈಲು ಫೈಲಾಗಿ ನಕಲು ಮಾಡದೆ ಇಡೀ ತಟ್ಟೆಯ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ಒಂದೇ ಫೈಲಿನ ಪ್ರತಿ, ತೆಗೆದೆವು. ಅದರಲ್ಲಿ ಮ್ಯಾಕ್‌ನ ಭಾಗವೂ ಇತ್ತು, ವಿಂಡೋಸ್‌ನಲ್ಲಿ ನಕಲು ಮಾಡಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಪ್ರೋಗ್ರಾಮಿನ ಮೂಲ ಇದ್ದದ್ದು ಸೈಕ್ವೆಸ್ಟ್ ಅನ್ನುವ, ಹೊರತೆಗೆಯಬಹುದಾದ ಡಿಸ್ಕಿನ ಕಾರ್ಟ್ರಿಡ್ಜಿನಲ್ಲಿ. ಕಾರ್ಟ್ರಿಡ್ಜ್ ಇದೆ, ಓದುವ ಡ್ರೈವು ಇಲ್ಲ. ಸಿಡಿಯಲ್ಲಿರುವುದು ಡೈರೆಕ್ಟರ್ ಬೀಗ ಹಾಕಿ ಕೊಟ್ಟ ಡಿಎಕ್ಸ್‌ಆರ್ ಫೈಲು, ಅದರಲ್ಲಿ ಡೈರೆಕ್ಟರಿನ ಪ್ರೋಗ್ರಾಮಿಂಗ್ ಭಾಷೆಯಾದ ಲಿಂಗೋ ಬರಹ ಉಳಿದಿರುವುದಿಲ್ಲ.

ಸಂಸ್ಥೆಯಿಂದ ಫೋನ್ ಮಾಡಿದ್ದ ಆ ಹುಡುಗಿ ಫೈಲನ್ನು ಹೆಕ್ಸ್ ಎಡಿಟರಿನಲ್ಲಿ, ಅಂದರೆ ಒಳಗಿನ ಬೈಟುಗಳನ್ನು ಹಾಗೇ ತೋರಿಸುವ ಪ್ರೋಗ್ರಾಮಿನಲ್ಲಿ, ತೆರೆದಳು. ಮೊದಲ ನಾಲ್ಕು ಅಕ್ಷರ ಎಕ್ಸ್, ಎಫ್, ಐ, ಆರ್. 'ಇದೇನು ಸರ್?' ಅಂದಳು. ಮ್ಯಾಕ್‌ನಲ್ಲಿ ಮಾಡಿದ ಫೈಲಾದರೆ ಅದೇ ಅಕ್ಷರಗಳು ಆರ್, ಐ, ಎಫ್, ಎಕ್ಸ್ ಅಂತ ಇರುತ್ತವೆ. ವಿಂಡೋಸ್ ಚಿಪ್ಪು ಬೈಟುಗಳನ್ನು ಹಿಂದುಮುಂದಾಗಿ ಇಡುವುದರಿಂದ ಹೆಸರೂ ತಿರುಗಿಹೋಗಿದೆ. ಇಪ್ಪತ್ತಾರು ವರ್ಷದ ಮೇಲೆ ಅದನ್ನು ನೋಡಿ ನನಗೆ ಹಳೇ ಗೆಳೆಯನ ಕೈಬರಹ ನೋಡಿದ ಹಾಗಾಯಿತು.

64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮು ಓಡಿಸುವುದೇ ಇಲ್ಲ. ಹಳೇ ಪಿಸಿಯ ಎಮ್ಯುಲೇಟರ್ ಆದ ಡಾಸ್‌ಬಾಕ್ಸ್‌ನೊಳಗೆ ವಿಂಡೋಸ್ 3.1 ಹಾಕಿದೆವು, ಅದರೊಳಗೆ ನಮ್ಮ ಸಿಡಿ. ಎದ್ದಿತು! ಆದರೆ ಪುಟಗಳು ಗಾಳಿಗೆ ಸಿಕ್ಕಿದ ಹಾಗೆ ಓಡಿದವು. ಪ್ರೋಗ್ರಾಮರ್ ಕೆಲವು ಕಡೆ ಕಾಯಲು ಗಡಿಯಾರ ನೋಡುವ ಬದಲು ಸುಮ್ನೆ ಇಪ್ಪತ್ತು ಸಾವಿರದವರೆಗೆ ಎಣಿಸು ಅಂತ ಬರೆದಿದ್ದ. ಅಜ್ಜನಿಗೆ ಅದು ಒಂದು ಉಸಿರಿನಷ್ಟು ಹೊತ್ತು, ಇವತ್ತಿನ ಮೆಷಿನ್ನಿಗೆ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಡಾಸ್‌ಬಾಕ್ಸಿನ ವೇಗ ಇಳಿಸುತ್ತಾ ಇಳಿಸುತ್ತಾ ಅಜ್ಜನ ನಡಿಗೆಗೆ ತಂದೆವು.

ಆಮೇಲೆ ಏನು ಉಳಿದಿದೆ, ಏನಿಲ್ಲ ಅಂತ ಲೆಕ್ಕ ಹಾಕಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ವಿಡಿಯೋಗಳೆಲ್ಲ ಕೂಡಲೇ ಸಿಕ್ಕವು. ಡೈರೆಕ್ಟರ್ ವಿಡಿಯೋವನ್ನು ತನ್ನ ಹೊಟ್ಟೆಯೊಳಗೆ ಹಾಕಿಕೊಳ್ಳುತ್ತಿರಲಿಲ್ಲ, ಹೊರಗಿನ ಫೈಲಾಗಿಯೇ ಇಡುತ್ತಿತ್ತು; ಸಿನೆಪ್ಯಾಕನ್ನು ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಸಾಫ್ಟ್‌ವೇರ್ ಇವತ್ತಿಗೂ ಓದುತ್ತದೆ. ಹಾಳು ಗುಣಮಟ್ಟ ಅಂತ ನಾವು ಬೈದುಕೊಂಡಿದ್ದ ವಿಡಿಯೋ ಹೀಗೆ ಬದುಕಿತು. ಜೋಪಾನವಾಗಿ ಒಳಗೆ ಸೇರಿಸಿದ್ದ ಚಿತ್ರ, ಕೂಗುಗಳನ್ನು ಮಾತ್ರ ಒಂದೊಂದಾಗಿ ಅಗೆದು ತೆಗೆಯಬೇಕಾಯಿತು. ಬರಹವಂತೂ ಚಿತ್ರವಾಗಿಯೇ ಇತ್ತು, ಪೂರ್ತಿ ಕೂತು ಮತ್ತೆ ಟೈಪ್ ಮಾಡಿದೆವು. ಫಾಂಟಿನ ತಲೆನೋವಿಗೆ ಮಾಡಿದ ಮದ್ದು ಇದು. ಇನ್ನು ಆ ಕತ್ತಲಾಗಿ ಬೆಳಗಾಗುವ ಆಟ, ಒತ್ತಿದ ಹಕ್ಕಿ ತಲೆ ತಿರುಗಿಸುವುದು, ಇವೆಲ್ಲ ಯಾವ ಫೈಲಿನಲ್ಲೂ ಇಲ್ಲ, ಓಡುವಾಗ ಮಾತ್ರ ಇರುತ್ತವೆ. ಅದಕ್ಕೆ ಎಮ್ಯುಲೇಟರ್ ಓಡಿಸಿಕೊಂಡು ಯಾರೋ ಒಬ್ಬರು ಸಿಡಿಯನ್ನು ಪೂರ್ತಿ ನೋಡುವುದನ್ನು ವಿಡಿಯೋ ಮಾಡಿಟ್ಟೆವು. ಫ್ಲಾಶ್ ಆವೃತ್ತಿಯನ್ನು ರಫಲ್ ಅನ್ನುವ ಫ್ಲಾಶ್ ಎಮ್ಯುಲೇಟರಿನಲ್ಲಿ ಹಾಕಿದರೆ ಓಡಿತು, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೆ. ಜೋಡಿಸುವ ಸಾಫ್ಟ್‌ವೇರಿಗೆ ಕೊಡುವ ಮುಂಚಿನ ಫೋಲ್ಡರನ್ನು ಬೇರೆ ಇಡಿ: ಇಳಿಸದ ಸದ್ದು, ಕುಗ್ಗಿಸದ ಚಿತ್ರ, ಬರಿಯ ಅಕ್ಷರವಾಗಿರುವ ಬರಹ. ನಾವು ಅದನ್ನು ಕಚ್ಚಾ ಸಾಮಾನು ಅಂದುಕೊಂಡಿದ್ದೆವು, ಸಿಡಿಯೇ ಕೆಲಸ ಅಂದುಕೊಂಡಿದ್ದೆವು.

ಧ್ವನಿಯವರು ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಫೋನ್ ಮಾಡಿ ಕೇಳಿದೆ. ಟೇಪುಗಳು ಒಂದು ಬೂಟಿನ ಡಬ್ಬದಲ್ಲಿದ್ದವು, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಹೆಸರು. ಕೆಲವು ಕೆಟ್ಟಿದ್ದವು, ಸದ್ದು ನಡುನಡುವೆ ಕಡಿಯುತ್ತಿತ್ತು. ಆ ಪುಟ್ಟ ಹಕ್ಕಿಯ ಟೇಪು ಚೆನ್ನಾಗಿತ್ತು. ಎರವಲು ತಂದ ಡ್ಯಾಟ್ ಮೆಷಿನ್ನಿನಲ್ಲಿ ಹಾಕಿದೆವು. ಮೊದಲು ಅವರದೇ ಯುವಕನ ದನಿ: ದಿನಾಂಕ, ಹೊತ್ತು, 'ಸ್ವಲ್ಪ ಗಾಳಿ ಇದೆ'. ಆಮೇಲೆ ಗಾಳಿ. ಅಷ್ಟೆ. ನಾನು ಧ್ವನಿಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇದರಲ್ಲೂ ಇಲ್ಲವಾ?

ಆ ಹುಡುಗಿ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಸದ್ದಿನ ನಕ್ಷೆಯಲ್ಲಿ 7 ಕಿಲೋಹರ್ಟ್ಸ್ ಗೆರೆಯ ಮೇಲೆ ಸಣ್ಣ ಸಣ್ಣ ಗೀಟುಗಳು, ಹೊಲಿಗೆ ಹಾಕಿದ ಹಾಗೆ. 'ಕೂಗ್ತಾ ಇದೆ ಸರ್, ನನಗೆ ಚೆನ್ನಾಗಿ ಕೇಳಿಸ್ತಿದೆ' ಅಂದಳು. ವಯಸ್ಸಾದ ಕಿವಿ ಮೊದಲು ಬಿಟ್ಟುಕೊಡುವುದು ಎತ್ತರದ ಸ್ವರವನ್ನೇ. ನಾವಿಬ್ಬರೂ ಪರದೆಯ ಮೇಲೆ ಗೀಟು ಬಂದಾಗಲೆಲ್ಲ ತಲೆಯಾಡಿಸುತ್ತಾ ಕೂತೆವು. ಫೈಲನ್ನು 48 ಕಿಲೋಹರ್ಟ್ಸ್‌ನಲ್ಲೇ ಉಳಿಸಿದಳು.